ಕ್ಯಾನ್ಸರ್ ಸಂಶೋಧನೆಯಲ್ಲಿ ಚೀನೀ ವೈದ್ಯದ ‘ಝೆಂಗ್’ ಅಳೆಯುವುದು ಹೇಗೆ?

ಇಬ್ಬರಿಗೂ ಒಂದೇ ಬಗೆಯ, ಒಂದೇ ಹಂತದ ಶ್ವಾಸಕೋಶದ ಕ್ಯಾನ್ಸರ್. ಒಬ್ಬರಿಗೆ ಸುಸ್ತು, ಏದುಸಿರು. ಬಿಳಿಚಿಕೊಂಡ ನಾಲಿಗೆಯ ಅಂಚಿನಲ್ಲಿ ಹಲ್ಲಿನ ಗುರುತು. ಇನ್ನೊಬ್ಬರಿಗೆ ಒಣಕೆಮ್ಮು, ರಾತ್ರಿ ಬೆವರು, ಲೇಪವೇ ಇಲ್ಲದ ಕೆಂಪು ನಾಲಿಗೆ. ಚೀನೀ ವೈದ್ಯರು ಮೊದಲನೆಯವರಿಗೆ ‘ಚಿ ಕೊರತೆ’ (ಚಿ ಎಂದರೆ ಪ್ರಾಣಶಕ್ತಿ), ಎರಡನೆಯವರಿಗೆ ‘ಯಿನ್ ಕೊರತೆ’ (ಯಿನ್ ಎಂದರೆ ದೇಹದ ತಂಪು, ತೇವದ ಅಂಶ) ಎಂದು ಬರೆದು ಬೇರೆ ಬೇರೆ ಕಷಾಯ ಕೊಡುತ್ತಾರೆ. ಈ ವಿಂಗಡಣೆಗೆ ಚೀನೀ ಭಾಷೆಯಲ್ಲಿ ಝೆಂಗ್ ಎನ್ನುತ್ತಾರೆ. ಸಿಂಡ್ರೋಮ್ ಎಂಬ ಅನುವಾದ ರೂಢಿಗೆ ಬಂದಿದ್ದರೂ ಅದು ದಾರಿ ತಪ್ಪಿಸುತ್ತದೆ. ಝೆಂಗ್ ಎಂದರೆ ಕಾಯಿಲೆಯಲ್ಲ, ಆ ಹೊತ್ತಿನ ದೇಹಸ್ಥಿತಿ. ಕೆಲವೇ ವಾರಗಳಲ್ಲಿ ಅದು ಬದಲಾಗಬಹುದು.

ಕ್ಯಾನ್ಸರ್ ರೋಗಿಗಳಲ್ಲಿ ಝೆಂಗ್ ಅಳೆಯುವ ಅಧ್ಯಯನಗಳು ಹೆಚ್ಚಾಗಿ ಎಡವುವುದು ಒಂದೇ ಕಡೆ: ಅಳೆದದ್ದು ಝೆಂಗ್ ಅಲ್ಲ, ಆಸ್ಪತ್ರೆಯಲ್ಲಿ ಕೊಟ್ಟ ಔಷಧದ ಪರಿಣಾಮ. ಯೋಜನೆ ಬರೆಯುವ ಮೊದಲೇ ಇದನ್ನು ತಲೆಯಲ್ಲಿಟ್ಟುಕೊಳ್ಳಿ.

ಒಂದಿಷ್ಟು ಉದಾಹರಣೆ ನೋಡಿ. ಆಕ್ಸಾಲಿಪ್ಲಾಟಿನ್ ಎಂಬ ಕೀಮೋಥೆರಪಿ ಔಷಧ ಹಾಕಿಸಿಕೊಂಡವರು ಮೊದಲ ಕೆಲವು ದಿನ ತಣ್ಣೀರು ಮುಟ್ಟಿದರೂ ಜುಮ್ಮೆನ್ನುತ್ತದೆ ಎನ್ನುತ್ತಾರೆ. ಝೆಂಗ್ ಗುರುತಿಸುವ ಪ್ರಶ್ನಾವಳಿ ಅದನ್ನು ‘ಯಾಂಗ್ ಕೊರತೆ’ಗೆ, ಅಂದರೆ ದೇಹದ ಬಿಸಿ ಕುಂದಿದ ಸ್ಥಿತಿಗೆ, ಸೇರಿಸಿಬಿಡುತ್ತದೆ. ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಾಸೋನ್‌ನಿಂದ ಮುಖ ಕೆಂಪಾಗಿ ನಿದ್ದೆ ಕೆಟ್ಟರೆ ಅದು ‘ಉಷ್ಣ’ ಎನಿಸಿಕೊಳ್ಳುತ್ತದೆ. ಸ್ತನ ಕ್ಯಾನ್ಸರಿಗೆ ಟಾಮೋಕ್ಸಿಫೆನ್ ನುಂಗುವವರ ಬಿಸಿಯುಬ್ಬರವಾಗಲಿ, ಕುತ್ತಿಗೆಗೆ ವಿಕಿರಣ ಪಡೆದವರ ಒಣಗಿದ ಬಾಯಾಗಲಿ ಥೇಟ್ ‘ಯಿನ್ ಕೊರತೆ’ಯಂತೆ ಕಾಣುತ್ತದೆ. ಶ್ವಾಸಕೋಶದ ಗಡ್ಡೆಯಿಂದ ಆಮ್ಲಜನಕ ಕಡಿಮೆಯಾದರೆ ನಾಲಿಗೆ ನೀಲಿಗಟ್ಟಿ ‘ರಕ್ತ ಸ್ಥಗಿತ’ ಎಂದು ದಾಖಲಾಗುತ್ತದೆ. ಹಿಮೋಗ್ಲೋಬಿನ್ ಇಳಿದವರ ನಾಲಿಗೆ ಬಿಳಿಚಿಕೊಂಡಿರುವುದಕ್ಕಂತೂ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಹಾಗಾಗಿ ಮೊದಲ ಪರೀಕ್ಷೆ ಯಾವ ಚಿಕಿತ್ಸೆಯೂ ಶುರುವಾಗುವ ಮೊದಲೇ ಆಗಲಿ. ಅದು ಸಾಧ್ಯವಾಗದಿದ್ದರೆ ಕೀಮೋಥೆರಪಿಯ ಪ್ರತಿ ಸುತ್ತಿನ ಔಷಧ ಏರಿಸುವ ದಿನ ಬೆಳಿಗ್ಗೆ, ಡ್ರಿಪ್ ಹಾಕುವುದಕ್ಕೆ ಮುಂಚೆ ನೋಡಿ. ಹಿಂದಿನ ಸುತ್ತಿನ ಪರಿಣಾಮ ಆಗ ಆದಷ್ಟು ತಗ್ಗಿರುತ್ತದೆ. ಸುತ್ತಿನ 3ನೇ ದಿನ ಕೆಲವರನ್ನು, 20ನೇ ದಿನ ಕೆಲವರನ್ನು ನೋಡಿ ಒಂದೇ ಕೋಷ್ಟಕಕ್ಕೆ ಹಾಕಿದರೆ ಆ ದತ್ತಾಂಶವನ್ನು ಆಮೇಲೆ ಯಾವ ಸಂಖ್ಯಾಶಾಸ್ತ್ರವೂ ಸರಿಪಡಿಸಲಾರದು. ಪ್ರತಿ ಪರೀಕ್ಷೆಯ ಜೊತೆಗೆ ಹಿಂದಿನ 14 ದಿನ ತೆಗೆದುಕೊಂಡ ಎಲ್ಲ ಔಷಧಗಳ ಹೆಸರು, ಪ್ರಮಾಣ ಬರೆದಿಡಿ. ಕಬ್ಬಿಣದ ಮಾತ್ರೆ, ಆಂಟಿಬಯಾಟಿಕ್, ನೋವಿನ ಮಾರ್ಫಿನ್ ಯಾವುದನ್ನೂ ಬಿಡಬೇಡಿ.

ನಾಲಿಗೆಯ ಚಿತ್ರ ಸುಲಭದ ಕೆಲಸವೆಂದು ಕಾಣುತ್ತದೆ, ಆದರೆ ಅಲ್ಲ. ಊಟವಾಗಿ ಎರಡು ಗಂಟೆಯಾದರೂ ಕಳೆದಿರಲಿ; ಕಾಫಿ, ಬಣ್ಣದ ಮಿಠಾಯಿ ಬೇಡ; ಅಂದು ಬೆಳಿಗ್ಗೆ ನಾಲಿಗೆ ಕೆರೆಯಬಾರದೆಂದು ಹಿಂದಿನ ದಿನವೇ ಹೇಳಿ. ಬೆಳಕು ಪ್ರತಿ ಸಲವೂ ಒಂದೇ ಆಗಿರಲಿ, 6500 ಕೆಲ್ವಿನ್ ಆದರೆ ಒಳ್ಳೆಯದು. ಚೌಕಟ್ಟಿನೊಳಗೆ ಬಣ್ಣದ ಕಾರ್ಡ್ ಇರಲೇಬೇಕು. ಅದಿಲ್ಲದೆ ಮೊಬೈಲ್ ಕ್ಯಾಮೆರಾ ತಾನಾಗಿ ಬಣ್ಣ ತಿದ್ದುತ್ತದೆ, ಗುಲಾಬಿ ಯಾವುದು, ತಿಳಿ ನೇರಳೆ ಯಾವುದು ಎಂದು ಆಮೇಲೆ ಹೇಳಲಾಗದು. ನಾಲಿಗೆ ಚಾಚಿದ ಕೆಲವೇ ಸೆಕೆಂಡುಗಳಲ್ಲಿ ಚಿತ್ರ ತೆಗೆಯಿರಿ. ಬಿಗಿಹಿಡಿದು ಚಾಚಿಕೊಂಡೇ ಇದ್ದರೆ ಬಣ್ಣ ಗಾಢವಾಗುತ್ತದೆ. ಇನ್ನೊಂದು ಬೇಕಿದ್ದರೆ ನಾಲಿಗೆ ಒಳಗೆಳೆದು ಅರೆನಿಮಿಷ ಬಿಡಲು ಹೇಳಿ.

ನಾಡಿಯನ್ನು ಮಣಿಕಟ್ಟಿನ ಚುನ್, ಗುವಾನ್, ಚಿ (ಇದು ‘ಚಿ ಕೊರತೆ’ಯ ಚಿ ಅಲ್ಲ) ಎಂಬ ಮೂರು ಸ್ಥಾನಗಳಲ್ಲಿ ಹಿಡಿಯುತ್ತಾರೆ. ಕಂಕುಳಿನ ಗ್ರಂಥಿ ತೆಗೆದು ಊದಿಕೊಂಡ ತೋಳಿನ ನಾಡಿ ಆಳದಲ್ಲಿ ಸಿಗುವುದು ಊತದಿಂದ, ಝೆಂಗ್‌ನಿಂದಲ್ಲ. ನಾಡಿಬಡಿತ ನಿಧಾನಗೊಳಿಸುವ ಬೀಟಾ ಬ್ಲಾಕರ್ ಔಷಧ ನುಂಗುವವರ ನಾಡಿಯ ವೇಗವನ್ನು ಅಂಕಕ್ಕೆ ಸೇರಿಸಬೇಡಿ.

ಇನ್ನು ವೈದ್ಯರ ಒಮ್ಮತ. ಒಬ್ಬರೇ ವೈದ್ಯರು ಕೊಟ್ಟ ಹಣೆಪಟ್ಟಿಯ ಮೇಲೆ ಜೀನ್ ಅಧ್ಯಯನ ಕಟ್ಟುವುದು ಮರಳಿನ ಮೇಲೆ ಮನೆ ಕಟ್ಟಿದ ಹಾಗೆ. ಕನಿಷ್ಠ ಇಬ್ಬರು ಪರಸ್ಪರ ಮಾತಾಡದೆ, ಲ್ಯಾಬ್ ಫಲಿತಾಂಶ ನೋಡದೆ ತೀರ್ಮಾನ ಬರೆಯಲಿ. ಭಿನ್ನಮತ ಬಂದರೆ ಮೂರನೆಯವರು ನೋಡಲಿ. ಒಮ್ಮತವನ್ನು ಶೇಕಡಾವಾರಿನಲ್ಲಿ ಹೇಳಿ ತೃಪ್ತರಾಗಬೇಡಿ. 100 ರೋಗಿಗಳಲ್ಲಿ ಇಬ್ಬರೂ ವೈದ್ಯರು ತಲಾ 90 ಮಂದಿಗೆ ‘ಚಿ ಕೊರತೆ’ ಬರೆಯುವ ಅಭ್ಯಾಸದವರು ಎನ್ನಿ. ಕಣ್ಣುಮುಚ್ಚಿ ಬರೆದರೂ ಸರಾಸರಿ 82 ಕಡೆ ಒಮ್ಮತ ಬರುತ್ತದೆ. ನಿಮಗೆ 86 ಸಿಕ್ಕಿದ್ದರೆ ಕಪ್ಪಾ, ಅಂದರೆ ಆಕಸ್ಮಿಕ ಒಮ್ಮತವನ್ನು ಕಳೆದು ಉಳಿಯುವ ಒಮ್ಮತದ ಅಳತೆ (ಪೂರ್ಣ ಒಮ್ಮತಕ್ಕೆ 1), ಬರೀ 0.22. ಪೂರ್ವಭಾವಿ ಸುತ್ತಿನಲ್ಲಿ ಕಪ್ಪಾ 0.6 ದಾಟುವವರೆಗೆ ಮಾನದಂಡ ತಿದ್ದಿ, ಮತ್ತೆ ತರಬೇತಿ ಕೊಡಿ, ಆಮೇಲೆ ಮುಖ್ಯ ಅಧ್ಯಯನಕ್ಕೆ ಇಳಿಯಿರಿ. ಮಾನದಂಡ ಯಾವುದೆಂದು ಮೊದಲೇ ಲಿಖಿತವಾಗಿ ಗಟ್ಟಿಮಾಡಿ. 2022ರ ಜನವರಿಯಿಂದ ಜಾರಿಗೆ ಬಂದ ಐಸಿಡಿ-11ರ (ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣ ಪಟ್ಟಿ) 26ನೇ ಅಧ್ಯಾಯದಲ್ಲಿ ಈ ಝೆಂಗ್‌ಗಳಿಗೆ ಸಂಕೇತಗಳಿವೆ. ಹೆಸರು ಏಕರೂಪವಾಗಿಡಲು ಅವು ಸಾಕು; ರೋಗಿಯಲ್ಲಿ ಅದು ಇದೆಯೋ ಇಲ್ಲವೋ ಎಂದು ತೂಗಲು ಅಂಕಪಟ್ಟಿ ಬೇರೆಯೇ ಬೇಕು.

ಕ್ಯಾನ್ಸರಿನಲ್ಲಿ ಶುದ್ಧ ಝೆಂಗ್ ಅಪರೂಪ. ಚಿ ಕೊರತೆಯೂ ರಕ್ತ ಸ್ಥಗಿತವೂ ಒಟ್ಟಿಗಿರುವುದೇ ಸಾಮಾನ್ಯ. ಅದಕ್ಕೇ ಒಬ್ಬ ರೋಗಿಗೆ ಒಂದೇ ಚೀಟಿ ಅಂಟಿಸುವ ಬದಲು ಚಿ ಕೊರತೆ, ಯಿನ್ ಕೊರತೆ, ಯಾಂಗ್ ಕೊರತೆ, ಕಫ-ತೇವ, ರಕ್ತ ಸ್ಥಗಿತ, ಚಿ ತಡೆ, ಉಷ್ಣವಿಷ ಪ್ರತಿಯೊಂದಕ್ಕೂ ಬೇರೆ ಅಂಕ ಕೊಡಿ. ಲಕ್ಷಣಗಳನ್ನು ಕ್ಲಸ್ಟರ್ ವಿಶ್ಲೇಷಣೆಗೆ ಹಾಕಿ ಗುಂಪು ತೆಗೆಯುವವರೂ ಇದ್ದಾರೆ. ತಪ್ಪಿಲ್ಲ, ಆದರೆ ಗುಂಪು ಬಂದಮೇಲೆ ಅದಕ್ಕೆ ತಮಗಿಷ್ಟದ ಹೆಸರಿಡುವುದು ಕಂಪ್ಯೂಟರಿನದಲ್ಲ, ಸಂಶೋಧಕರ ಕೈಚಳಕ.

ರಕ್ತದ ಮಾದರಿಯನ್ನು ಅದೇ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದು, ಬೇಗ ಪ್ಲಾಸ್ಮಾ ಬೇರ್ಪಡಿಸಿ ಮೈನಸ್ 80 ಡಿಗ್ರಿಯಲ್ಲಿಡಿ. ಯಂತ್ರಕ್ಕೆ ಹಾಕುವಾಗ ಎಲ್ಲ ಝೆಂಗ್‌ಗಳ ಮಾದರಿಗಳ ಸರದಿಯನ್ನು ಬೆರೆಸಿ ಹಾಕಿ; ಸೋಮವಾರ ಚಿ ಕೊರತೆ, ಮಂಗಳವಾರ ಯಿನ್ ಕೊರತೆ ಎಂದು ಓಡಿಸಿದರೆ ಸಿಗುವುದು ಸೋಮವಾರಕ್ಕೂ ಮಂಗಳವಾರಕ್ಕೂ ಇರುವ ವ್ಯತ್ಯಾಸ. 20,000 ಜೀನ್‌ಗಳನ್ನು 0.05ರ ಮಟ್ಟದಲ್ಲಿ ನೋಡಿದರೆ ಬರೀ ಆಕಸ್ಮಿಕವಾಗಿಯೇ ಸುಮಾರು 1,000 ‘ಪತ್ತೆ’ಗಳು ಬರುತ್ತವೆ, ಇಂಥ ಸುಳ್ಳು ಪತ್ತೆಗಳಿಗೆ ಕಡಿವಾಣ ಹಾಕುವ ಬೆಂಜಮಿನಿ-ಹಾಕ್‌ಬರ್ಗ್ ತಿದ್ದುಪಡಿ ಬಿಡಬೇಡಿ. ರಕ್ತ ಹೆಪ್ಪುಗಟ್ಟುವಿಕೆಯ ಸೂಚಕಗಳಾದ ಡಿ-ಡೈಮರ್, ಫೈಬ್ರಿನೋಜನ್ ಏರಿದ್ದನ್ನು ರಕ್ತ ಸ್ಥಗಿತದ ಸಾಕ್ಷಿ ಎನ್ನುವ ಮುನ್ನ, ಮುಂದುವರಿದ ಕ್ಯಾನ್ಸರಿನಲ್ಲಿ ಅವು ಹೇಗೂ ಏರುತ್ತವೆ ಎಂಬುದು ನೆನಪಿರಲಿ.

ಪ್ರಾಣಿ ಮಾದರಿಯ ವಿಷಯದಲ್ಲಿ ನಮ್ಮ ಅಭಿಪ್ರಾಯ ಕಟುವಾದದ್ದು. ಅಡ್ರಿನಲಿನ್ ಚುಚ್ಚಿ, ಐಸ್ ನೀರಲ್ಲಿ ಇಳಿಸಿ ಇಲಿಗೆ ‘ರಕ್ತ ಸ್ಥಗಿತ’ ಬರಿಸುವುದು ಹಳೆಯ ಪದ್ಧತಿ. ಅಡ್ರಿನಲಿನ್ ಎಂಬ ಈ ಒತ್ತಡದ ಹಾರ್ಮೋನ್ ತಾನೇ ಬೀಟಾ ಗ್ರಾಹಕಗಳ ಮೂಲಕ ಗಡ್ಡೆಯನ್ನು ಬೆಳೆಸಬಲ್ಲದು. ಆದ್ದರಿಂದ ಆ ಗ್ರಾಹಕಗಳನ್ನು ತಡೆಯುವ ಪ್ರೊಪ್ರನಲಾಲ್ ಕೊಟ್ಟ ನಿಯಂತ್ರಣ ಗುಂಪು ಇಲ್ಲದಿದ್ದರೆ ಫಲಿತಾಂಶಕ್ಕೆ ಅರ್ಥವಿಲ್ಲ. ರಕ್ತ ಸ್ಥಗಿತಕ್ಕೆಂದೇ ಕೊಡುವ ಷುಯೆಫು ಝುಯು ಕಷಾಯದಿಂದ ಗಡ್ಡೆ ಕುಗ್ಗಿತು, ಆದ್ದರಿಂದ ಇಲಿಗೆ ರಕ್ತ ಸ್ಥಗಿತವೇ ಇತ್ತು ಎಂಬ ವಾದವಂತೂ ತನ್ನ ಬಾಲವನ್ನೇ ಕಚ್ಚುವ ಹಾವು. ಕಷಾಯ ನೇರವಾಗಿ ಜೀವಕೋಶದ ಮೇಲೆ ಕೆಲಸ ಮಾಡಿರಬಹುದಲ್ಲ?

ಕೊನೆಯ ವಿಶ್ಲೇಷಣೆಗೆ ಎರಡು ಸಂಖ್ಯಾಶಾಸ್ತ್ರೀಯ ಮಾದರಿ ಕಟ್ಟಿ. ಮೊದಲನೆಯದರಲ್ಲಿ ವಯಸ್ಸು, ಲಿಂಗ, ಹಂತ, ಇಸಿಒಜಿ ಅಂಕ (ರೋಗಿ ಎಷ್ಟು ಓಡಾಡಬಲ್ಲರು ಎಂಬುದರ ಅಳತೆ), ಹಿಮೋಗ್ಲೋಬಿನ್, ಆಲ್ಬುಮಿನ್, ಪಡೆದ ಚಿಕಿತ್ಸೆ. ಎರಡನೆಯದರಲ್ಲಿ ಇವುಗಳ ಜೊತೆಗೆ ಝೆಂಗ್ ಅಂಕಗಳು. ಪ್ರತಿ ಚರಕ್ಕೆ ಕನಿಷ್ಠ 10 ಘಟನೆಗಳಾದರೂ, ಬದುಕುಳಿಯುವಿಕೆಯ ಅಧ್ಯಯನವಾದರೆ 10 ಸಾವುಗಳಾದರೂ, ದತ್ತಾಂಶದಲ್ಲಿರಲಿ. ಇದು ಸ್ಥೂಲ ಲೆಕ್ಕ; ಹೆಚ್ಚಿದ್ದಷ್ಟೂ ಒಳ್ಳೆಯದು. ಎರಡನೇ ಮಾದರಿಯ ಸಿ-ಸೂಚ್ಯಂಕ (ಮುನ್ಸೂಚನೆ ಎಷ್ಟು ಸರಿ ಎಂಬುದರ ಅಳತೆ) ಮೊದಲನೆಯದಕ್ಕಿಂತ ಮೇಲೇರದಿದ್ದರೆ, ‘ಚಿ ಕೊರತೆ’ ಎಂದು ನೀವು ಬರೆದದ್ದು ರಕ್ತಹೀನತೆಯ ಮತ್ತೊಂದು ಹೆಸರಾಗಿದ್ದಿರಬಹುದು. ಆ ಫಲಿತಾಂಶವನ್ನೂ ಹಾಗೇ ಪ್ರಕಟಿಸಿ.