ಮಳೆಗಾಲದಲ್ಲಿ ಕಾರಿನೊಳಗೆ ತೇವ: ಮೊದಲು ಗಾಜು ಮುಟ್ಟಿ ನೋಡಿ

ಆಟಿ ತಿಂಗಳ ಒಂದು ರಾತ್ರಿ ಉಡುಪಿಯಿಂದ ಮಂಗಳೂರಿಗೆ ಬರುತ್ತಿದ್ದೆವು. ಮಳೆ ಆಗಷ್ಟೇ ನಿಂತಿತ್ತು. ಪಡುಬಿದ್ರಿ ಹತ್ತಿರ ಎದುರಿನ ಗಾಜು ಪೂರ್ತಿ ಮಸುಕಾಯಿತು. ಎಸಿ ಇನ್ನೂ ತಂಪು ಮಾಡಿದೆ, ಗಾಳಿಯನ್ನು ಗಾಜಿಗೇ ತಿರುಗಿಸಿದೆ. ಮಸುಕು ಜಾಸ್ತಿಯಾಯಿತು! ಪಕ್ಕದಲ್ಲಿದ್ದ ಅಮ್ಮ ಬಟ್ಟೆಯಲ್ಲಿ ಎಷ್ಟು ಉಜ್ಜಿದರೂ ಹೋಗಲಿಲ್ಲ. ಹೆದರಿ ಕಾರನ್ನು ಬದಿಗೆ ನಿಲ್ಲಿಸಿದೆ. ವೈಪರ್ ಹಾಕಿದ್ದೇ ತಡ, ಗಾಜು ತಿಳಿಯಾಯಿತು. ನೀರು ಕೂತದ್ದು ಗಾಜಿನ ಹೊರಗೆ.

ಹಾಗಾಗಿ ಮೊದಲ ಕೆಲಸ ಇಷ್ಟೇ. ಒಳಗಿನಿಂದ ಗಾಜಿನ ಮೇಲೆ ಬೆರಳು ಎಳೆಯಿರಿ. ಗೆರೆ ಮೂಡಿದರೆ ತೇವ ಒಳಗಿದೆ. ಮೂಡದಿದ್ದರೆ ಹೊರಗಿದೆ. ಎರಡಕ್ಕೂ ಮದ್ದು ಬೇರೆ ಬೇರೆ.

ಹೊರಗೆ ಮಸುಕಾದರೆ

ಐಸ್ ಹಾಕಿದ ಪುನರ್ಪುಳಿ ಶರಬತ್ತಿನ ಗ್ಲಾಸು ಹೊರಗಡೆ ಬೆವರುತ್ತದೆ ಅಲ್ವಾ? ಇದೂ ಅದೇ. ಎಸಿಯಿಂದ ಗಾಜು ತಣ್ಣಗಾಗಿದೆ, ಹೊರಗಿನ ಗಾಳಿಯಲ್ಲಿ ತೇವ ತುಂಬಿದೆ. ವೈಪರ್ ಹಾಕಿ. ಎಸಿಯ ತಂಪು ಕಡಿಮೆ ಮಾಡಿ. ಗಾಳಿಯನ್ನು ಗಾಜಿನಿಂದ ಕಾಲಿನ ಕಡೆಗೆ ತಿರುಗಿಸಿ.

ಒಳಗೆ ಮಸುಕಾದರೆ

ನಾಲ್ಕು ಜನರ ಉಸಿರು, ಒದ್ದೆ ಕೊಡೆ, ರೈನ್‌ಕೋಟ್, ಮಕ್ಕಳ ಚೀಲ ಎಲ್ಲದರ ತೇವವೂ ಗಾಜಿನ ಮೇಲೆ ಕೂರುತ್ತದೆ. ಎಸಿ ಹಾಕಿ, ಗಾಳಿ ಗಾಜಿಗೆ ಬರಲಿ, ಹೊರಗಿನ ಗಾಳಿ ಒಳಗೆ ಬರುವ ಹಾಗೆ ಗುಂಡಿ ಬದಲಿಸಿ. ಎಸಿ ತಂಪಿಗೆ ಮಾತ್ರ ಅಂದುಕೊಂಡು ಮಳೆಗಾಲದಲ್ಲಿ ಬಂದ್ ಮಾಡಿಡುವವರು ನಮ್ಮಲ್ಲಿ ತುಂಬಾ ಜನ. ದಯವಿಟ್ಟು ಹಾಗೆ ಮಾಡಬೇಡಿ. ಎಸಿಯ ತಣ್ಣನೆಯ ಕಾಯಿಲ್ ಮೇಲೆ ಗಾಳಿಯ ನೀರು ಕೂತು, ಪೈಪಿನಲ್ಲಿ ಇಳಿದು ಕಾರಿನಡಿ ತೊಟ್ಟಿಕ್ಕುತ್ತದೆ. ಗಾಳಿ ಒಣಗುವುದು ಹೀಗೆ. ಚಾರ್ಮಾಡಿ, ಆಗುಂಬೆ ಘಾಟಿ ಹತ್ತುವಾಗ ಹೊರಗೆ ಚಳಿ ಇರುತ್ತದೆ. ಅಲ್ಲಿ ಎಸಿ ಜೊತೆಗೆ ಹೀಟರನ್ನೂ ಸ್ವಲ್ಪ ತಿರುಗಿಸಿದರೆ ಗಾಜು ಬೇಗ ತಿಳಿಯಾಗುತ್ತದೆ. ಗಾಜಿನ ಒಳಬದಿಯಲ್ಲಿ ಜಿಡ್ಡು ಇದ್ದರೆ ಮಸುಕು ಬೇಗ ಹಿಡಿಯುತ್ತದೆ, ವಾರಕ್ಕೊಮ್ಮೆ ಒರೆಸಿ.

ಮ್ಯಾಟ್ ಅಡಿಯಲ್ಲಿ ಕೈ ಹಾಕಿ

ದಿನವೂ ಮಸುಕು, ಜೊತೆಗೆ ಮುಗ್ಗಲು ವಾಸನೆ ಇದ್ದರೆ ಎಲ್ಲೋ ನೀರು ನಿಂತಿರಬಹುದು. ರಬ್ಬರ್ ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿ ನೋಡಿ. ಮೇಲೆ ಒಣಗಿದಂತೆ ಕಂಡರೂ ಅಡಿಯ ಸ್ಪಂಜು ನೀರು ಕುಡಿದಿರುತ್ತದೆ.

ಮುಂದಿನ ಎಡಬದಿ ಒದ್ದೆಯಿದ್ದರೆ ಎಸಿ ನೀರು ಹೊರಹೋಗುವ ಪೈಪ್ ಕಟ್ಟಿಕೊಂಡಿರಬಹುದು. ಕಾರು ಬಯಲಲ್ಲಿ ನಿಲ್ಲಿಸಿ ಹದಿನೈದು ನಿಮಿಷ ಎಸಿ ಹಾಕಿ. ಅಡಿಯಲ್ಲಿ ನೀರು ತೊಟ್ಟಿಕ್ಕದಿದ್ದರೆ ಸಂಶಯ ಸರಿ. ಕಾರ್ಪೆಟಿನ ನೀರಿಗೆ ಬಣ್ಣ, ಜಿಡ್ಡು ಇದ್ದರೆ ಅದು ಕೂಲಂಟ್ (ಎಂಜಿನ್ ತಂಪು ಮಾಡುವ ದ್ರವ) ಇರಬಹುದು, ತಡ ಮಾಡದೆ ಗ್ಯಾರೇಜಿಗೆ ಒಯ್ಯಿರಿ.

ಮಳೆ ಬಂದ ದಿನ ಮಾತ್ರ ಒದ್ದೆಯಾಗುವುದಾದರೆ ನೀರು ಹೊರಗಿನಿಂದ ಬರುತ್ತಿದೆ. ನನ್ನ ಕಾರಿಗೆ ಒಂದು ಗ್ಯಾರೇಜಿನಲ್ಲಿ ಬಾಗಿಲಿನ ರಬ್ಬರ್ ಬದಲಿಸಿದರು. ನೀರು ನಿಲ್ಲಲಿಲ್ಲ. ನಾನೇ ಬಾನೆಟ್ ಎತ್ತಿ ನೋಡಿದೆ. ವೈಪರ್ ಬುಡದ ತೋಡಿನಂಥ ಜಾಗದಲ್ಲಿ ಗಾಳಿಮರದ ಸೂಜಿಯೆಲೆ ಗಟ್ಟಿಯಾಗಿ ತುಂಬಿತ್ತು. ನೀರು ಇಳಿಯುವ ತೂತು ಮುಚ್ಚಿ, ತುಂಬಿದ ನೀರು ಒಳಗೆ ನುಗ್ಗುತ್ತಿತ್ತು. ಕೈಯಲ್ಲೇ ಬಾಚಿ ತೆಗೆದೆ, ಅಷ್ಟೇ. ಮನೆಯಂಗಳದಲ್ಲಿ ಮಾವು, ಹಲಸು ಇದ್ದವರು ಮೇ ತಿಂಗಳಲ್ಲೇ ಇದನ್ನು ನೋಡಿಕೊಳ್ಳಿ. ಬಾಗಿಲಿನ ಅಡಿಯ ತೂತುಗಳನ್ನೂ, ಸನ್‌ರೂಫ್ ಇದ್ದರೆ ಅದರ ಪೈಪನ್ನೂ ಮರೆಯಬೇಡಿ. ಆದರೂ ಗೊತ್ತಾಗದಿದ್ದರೆ ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ. ಕೆಳಗಿನಿಂದ ಶುರು ಮಾಡಿ ನಿಧಾನಕ್ಕೆ ಮೇಲೆ ಹೋಗಿ.

ಒಣಗಿಸುವುದು

ನೀರು ಬರುವ ದಾರಿ ಮುಚ್ಚದೆ ಒಣಗಿಸಿದರೆ ಸುಮ್ನೆ ಶ್ರಮ. ಮುಚ್ಚಿದ ಮೇಲೆ ಮ್ಯಾಟ್‌ಗಳನ್ನು ಮನೆಯೊಳಗೆ ಫ್ಯಾನಿನ ಕೆಳಗೆ ಹಾಕಿ. ಕಾರ್ಪೆಟ್ ಎತ್ತಿ, ಅಡಿಗೆ ಹಳೆ ಪೇಪರ್ ಒತ್ತಿ, ಒದ್ದೆಯಾದಂತೆ ಬದಲಿಸಿ. ಮಳೆ ಹೊಳವಾಗಿ ಬಿಸಿಲು ಬಂದಾಗ ನಾಲ್ಕೂ ಬಾಗಿಲು ತೆರೆದಿಡಿ. ಬರೀ ಮಳೆ ಸುರಿಯುವ ದಿನ ಗಾಜು ಇಳಿಸಿಟ್ಟರೆ ಪ್ರಯೋಜನವಿಲ್ಲ, ಹೊರಗಿನ ಗಾಳಿಯೇ ಒದ್ದೆ. ಸೀಟಿಗೆ ಬೂಷ್ಟು ಹಿಡಿದಿದ್ದರೆ ಮಾಸ್ಕ್ ಹಾಕಿಕೊಂಡು, ಕಾರಿನ ಬಾಗಿಲು ತೆರೆದಿಟ್ಟು, ಸೋಪು ನೀರಿನ ಬಟ್ಟೆ ಹಿಂಡಿ ಒರೆಸಿ, ಮತ್ತೆ ಒಣ ಬಟ್ಟೆಯಲ್ಲಿ ಒರೆಸಿ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ನೋಡಿ, ಅಲ್ಲೂ ಇರುತ್ತದೆ.

ಬಟ್ಟಲಲ್ಲಿ ಕಲ್ಲುಪ್ಪು ಇಡಿ ಎಂದು ಹಲವರು ಹೇಳುತ್ತಾರೆ. ನಾನು ಬೇಡ ಎನ್ನುತ್ತೇನೆ. ಗಾಳಿಯ ತೇವ ಶೇ. 75 ದಾಟಿದರೆ ಉಪ್ಪು ತಾನೇ ನೀರಾಗುತ್ತದೆ. ಆಟಿಯಲ್ಲಿ ಅಡುಗೆಮನೆಯ ಭರಣಿ ನೋಡಿದವರಿಗೆ ಇದು ಗೊತ್ತು. ಆ ಉಪ್ಪುನೀರು ಚೆಲ್ಲಿದರೆ ಕಾರಿನ ತಳಕ್ಕೆ ತುಕ್ಕು. ಗೆರಟೆ ಮಸಿಯ (ತೆಂಗಿನ ಚಿಪ್ಪಿನ ಇದ್ದಿಲಿನ) ಚೀಲ ಇಟ್ಟರೆ ವಾಸನೆ ಸ್ವಲ್ಪ ಕಡಿಮೆಯಾದೀತು, ಒದ್ದೆ ಕಾರ್ಪೆಟ್ ಒಣಗುವುದಿಲ್ಲ. ಸಿಲಿಕಾ ಜೆಲ್ ಚೀಲವೂ ಅಷ್ಟೇ, ಸಣ್ಣ ತೇವಕ್ಕೆ ಮಾತ್ರ.

ಎಸಿ ಹಾಕಿದಾಗ ಕಮಟು ವಾಸನೆ ಬರುತ್ತದೆಯೇ? ಗ್ಲೋವ್ ಬಾಕ್ಸ್ ಹಿಂದಿನ ಫಿಲ್ಟರ್ ನೋಡಿ, ಕಪ್ಪಾಗಿದ್ದರೆ ಬದಲಿಸಿ. ಮನೆ ತಲುಪುವ ಸ್ವಲ್ಪ ಮೊದಲು ಎಸಿ ಬಂದ್ ಮಾಡಿ, ಫ್ಯಾನ್ ಮಾತ್ರ ಓಡಲಿ. ಮನೆ ಮಂಗಳೂರಿನ ನಂತೂರಿನಲ್ಲಿದ್ದರೆ ಹತ್ತಿರದ ಪಂಪ್‌ವೆಲ್ ದಾಟುವಾಗ ಮಾಡಿದರೆ ಸಾಕು, ಕಾಯಿಲ್ ಮೇಲಿನ ನೀರು ಸ್ವಲ್ಪ ಮಟ್ಟಿಗೆ ಆರುತ್ತದೆ. ಅಷ್ಟರಲ್ಲಿ ಗಾಜು ಮಸುಕಾದರೆ ಮಾತ್ರ ಎಸಿಯನ್ನು ಕೂಡಲೇ ಮತ್ತೆ ಹಾಕಿ.