ಇಂಗ್ಲಿಷ್ ಬಿಟ್ಟು ಕಲಿತ ಸ್ಪ್ಯಾನಿಷ್

ಕೆಲಸದ ಮೇಲೆ ಮೆಕ್ಸಿಕೊದ ಗ್ವಾದಲಾಹಾರಾಕ್ಕೆ ಬಂದ ಮೇಲೆ ಸ್ಪ್ಯಾನಿಷ್ ಕಲಿಯಲೇಬೇಕಾಯಿತು. ಆ್ಯಪ್‌ಗಳು ಪ್ರತಿ ಮಾತಿಗೂ ಇಂಗ್ಲಿಷ್ ಅರ್ಥ ಕೊಡುತ್ತವೆ. ಸ್ವಲ್ಪ ದಿನದಲ್ಲೇ ನಾನು ಅದನ್ನು ಬಿಟ್ಟೆ. ಒಂದು ನೋಟ್‌ಬುಕ್ ಇಟ್ಟುಕೊಂಡು ಕನ್ನಡ ಲಿಪಿಯಲ್ಲೇ ಬರೆದು, ಪಕ್ಕಕ್ಕೆ ಕನ್ನಡದ ಅರ್ಥ ಹಾಕತೊಡಗಿದೆ.

ಇದಕ್ಕೆ ಕಾರಣ 'ಮೆ ಗುಸ್ತಾ'. ಇಂಗ್ಲಿಷ್ ಅರ್ಥ 'ಐ ಲೈಕ್'. ಆದರೆ ಸ್ಪ್ಯಾನಿಷಿನ ಈ ಮಾತಿನಲ್ಲಿ 'ನಾನು' ಇಲ್ಲವೇ ಇಲ್ಲ, 'ನನಗೆ' ಇದೆ. ಇಂಗ್ಲಿಷಿನವರಿಗೆ ಇದನ್ನು ತಿಳಿಸಲು ಒಂದು ಇಡೀ ಪಾಠ ಬೇಕು. ನಮಗೆ? 'ಮೆ ಗುಸ್ತಾ ಎಲ್ ಕಫೆ', ನನಗೆ ಕಾಫಿ ಇಷ್ಟ. ಮುಗೀತು. 'ಮೆ ದುಎಲೆ ಲಾ ಕಬೇಸಾ', ನನಗೆ ತಲೆ ನೋಯುತ್ತಿದೆ. 'ಸೆ ಮೆ ಒಲ್ಬಿದೋ', ನನಗೆ ಮರೆತುಹೋಯಿತು. ಲೋಟ ಕೆಳಗೆ ಬಿದ್ದರೆ 'ಸೆ ಮೆ ಕಯೋ', ಕೈಜಾರಿ ಬಿತ್ತು. ಬೀಳಿಸಿದ್ದು ಯಾರು ಅನ್ನೋದು ಬೇರೆ ವಿಷಯ! ನೀನು-ನೀವು ಕೂಡ ಇದೆ: 'ತೂ' ಮತ್ತು 'ಉಸ್ತೇದ್'.

ಎಲ್ಲವೂ ಹೀಗೆ ಕೂಡಿಬರುವುದಿಲ್ಲ. ಹಸಿವಾದರೆ 'ತೆಂಗೊ ಆಂಬ್ರೆ', ಅಂದರೆ 'ನನ್ನ ಹತ್ತಿರ ಹಸಿವಿದೆ'. ಇಂಥದ್ದನ್ನು ಸುಮ್ನೆ ಬಾಯಿಪಾಠ ಮಾಡಿದೆ.

ಉಚ್ಚಾರಕ್ಕೂ ನಮ್ಮ ಲಿಪಿಯೇ ವಾಸಿ. ಸ್ಪ್ಯಾನಿಷಿನ ಟಿ, ಡಿ ಅಕ್ಷರಗಳು ಹೆಚ್ಚುಕಡಿಮೆ ನಮ್ಮ ತ, ದ. ಶಾಲೆಯಲ್ಲಿ ಕಲಿತು ಆಮೇಲೆ ಎಲ್ಲೂ ಜಾಸ್ತಿ ಬಳಸದ ಞ ಇಲ್ಲಿ ದಿನಾ ಬೇಕು. 'ಮಞಾನಾ' ಅಂದರೆ ನಾಳೆ, ಬೆಳಿಗ್ಗೆ ಎರಡೂ.

'ಅಓರಿತಾ' ಅನ್ನುವುದಕ್ಕೆ ಆ್ಯಪ್ ಕೊಡುವ ಅರ್ಥ 'ರೈಟ್ ನೌ'. ಅದನ್ನು ನಂಬಿ ಪ್ಲಂಬರ್‌ಗೆ ಕಾಯುತ್ತಾ ಕೂತರೆ ಸಂಜೆಯಾದೀತು. ಇನ್ನೂ ಮನೆಯಿಂದಲೇ ಹೊರಡದವರು ಫೋನಿನಲ್ಲಿ 'ಈಗ ಬಂದೆ' ಅನ್ನುತ್ತಾರಲ್ವಾ, ಅದೇ ಇದು. ಬೇಡ ಅನ್ನಲಿಕ್ಕೂ ಇದು ಬರುತ್ತದೆ. ಬೀದಿಯಲ್ಲಿ ಮಾರುವವರು ಹತ್ತಿರ ಬಂದಾಗ 'ಅಓರಿತಾ ನೊ, ಗ್ರಾಸಿಯಾಸ್' ಅಂದರೆ ಅವರಿಗೂ ಬೇಜಾರಿಲ್ಲ.

ಮಾತು ಕಿವಿಗೆ ಬೀಳಲು ವಾರದ ಸಂತೆಗಿಂತ ಒಳ್ಳೆ ಜಾಗ ನನಗೆ ಸಿಕ್ಕಿಲ್ಲ. ಇಲ್ಲಿ ಅದಕ್ಕೆ 'ತಿಯಾಂಗಿಸ್' ಅನ್ನುತ್ತಾರೆ. ಅಂಗಡಿಯವರು ಗಿರಾಕಿಯನ್ನು 'ಗ್ವೇರೊ' ಅಂತ ಕರೆಯುತ್ತಾರೆ. ಬಿಳಿಯ ಅಂತ ಅರ್ಥ. ನನ್ನ ಬಣ್ಣ ಕಂಡೂ ಹಾಗೇ ಕರೆಯುತ್ತಾರೆ, ವ್ಯಾಪಾರದ ಮರ್ಯಾದೆ! ಟಾಕೊ ಗಾಡಿಯವರು 'ಕೊನ್ ತೋದೊ?' ಅಂದರೆ ಈರುಳ್ಳಿ, ಕೊತ್ತಂಬರಿ ಎಲ್ಲ ಹಾಕಲಾ ಅಂತ. ತಿನ್ನುತ್ತಿರುವಾಗ ಗುರುತಿಲ್ಲದವರೂ 'ಪ್ರೊವೇಚೊ' ಅಂದು ಹೋಗುತ್ತಾರೆ. ಚೆನ್ನಾಗಿ ಊಟ ಮಾಡಿ ಅಂತ. 'ಗ್ರಾಸಿಯಾಸ್' ಅಂದರೆ ಸಾಕು.

ಸ್ಪೇನಿನ ಪಾಠ ಕಲಿತು ಇಲ್ಲಿಗೆ ಬರುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಬಸ್ ಹಿಡಿಯುವುದಕ್ಕೆ ಬಳಸುವ 'ಕೊಹೇರ್' ಮೆಕ್ಸಿಕೊದಲ್ಲಿ ಕೆಟ್ಟ ಮಾತು. ಇಲ್ಲಿ 'ತೊಮಾರ್' ಅನ್ನಿ. ಬಸ್ಸಿಗೆ 'ಕಮಿಯೋನ್' ಅನ್ನುತ್ತಾರೆ. ಸ್ಪೇನಿನಲ್ಲಿ ಅದು ಲಾರಿ.