ಐದನೆಯ ದಿನದ ಅಳು: ಬಾಣಂತನದ ಮೊದಲ ಆರು ವಾರಗಳಿಗೆ

ನಮ್ಮ ವಿಜಯಪುರದ ಕಡೆ, ಕೂಸು ಹುಟ್ಟಿದ ಐದನೆಯ ರಾತ್ರಿ ಸಟವಿ ದೇವಿ ಬಂದು ಅದರ ಹಣೆಬರಹ ಬರೆಯುತ್ತಾಳೆಂಬ ನಂಬಿಕೆಯಿದೆ. ಅಂದು ಪೂಜೆ ನಡೆಯುತ್ತದೆ, ಓಣಿಯ ಹೆಣ್ಣುಮಕ್ಕಳು ಬರುತ್ತಾರೆ, ಮನೆ ತುಂಬಿರುತ್ತದೆ. ನನ್ನ ಮೊದಲ ಬಾಣಂತನದಲ್ಲಿ ಆ ಸಂಜೆಯೇ ನಾನು ಕಾರಣ ಹೇಳಲಾಗದೆ ಬಿಕ್ಕಿ ಬಿಕ್ಕಿ ಅತ್ತೆ. ತುಂಬಿದ ಮನೆಯಲ್ಲಿ ಅತ್ತೆನೆಂಬ ಸಂಕೋಚಕ್ಕೆ ಮತ್ತೆ ಅತ್ತೆ. ಹೆರಿಗೆಯಾದ ಮೂರನೆಯ ದಿನದಿಂದ ಐದನೆಯ ದಿನದೊಳಗೆ ಎದೆಯಲ್ಲಿ ಹಾಲು ತುಂಬಿ ಬಿಗಿಯುತ್ತದೆ, ಬಸಿರಿನ ಕಾಲದ ಹಾರ್ಮೋನುಗಳು ಒಮ್ಮೆಲೇ ಇಳಿದು ಮನಸ್ಸು ಕದಡುತ್ತದೆ, ಹೊಲಿಗೆ ನೋಯುತ್ತದೆ, ಕೂಸಿನ ಮೈ ಹಳದಿಯಾಗುವುದೂ ಇದೇ ಹೊತ್ತಿಗೆ ಹೆಚ್ಚುತ್ತದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಆದ್ದರಿಂದ ಬಾಣಂತನಕ್ಕೆ ತವರಿಗೆ ಹೋಗುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಪೂಜೆ ಆಗಲಿ, ಆದರೆ ಬಂದವರನ್ನು ಪಡಸಾಲೆಯಲ್ಲಿಯೇ ಕೂಡಿಸಿ ಮಾತನಾಡಿಸುವ ಹೊಣೆಯನ್ನು ಅಕ್ಕನಿಗೋ ವೈನಿಗೋ ಮುಂಚೆಯೇ ಒಪ್ಪಿಸಿರಿ.

ಬಾಣಂತನದ ತಿರುಳು ಹೆತ್ತವಳಿಗೆ ವಿಶ್ರಾಂತಿ, ಬಿಸಿ ಊಟ ಮತ್ತು ಇನ್ನೊಬ್ಬರ ಕೈಯ ಆಸರೆ. ಹಿರಿಯರು ಹೇಳುವುದನ್ನೆಲ್ಲ ಈ ಒರೆಗೆ ಹಚ್ಚಿ ನೋಡಬಹುದು. ತಾಯಿಗೆ ನಿದ್ದೆ ಕೊಡಿಸುವ, ಅವಳ ಹೊಟ್ಟೆ ತುಂಬಿಸುವ ರೂಢಿಗಳನ್ನು ಉಳಿಸಿಕೊಳ್ಳಿರಿ. ಕೂಸಿನ ಬಾಯಿ, ಕಣ್ಣು, ಮೂಗು, ಹೊಕ್ಕುಳಿಗೆ ಏನನ್ನಾದರೂ ಹಾಕುವ ರೂಢಿಗಳನ್ನು ಬಿಡಿರಿ.

ಮೊದಲ ದಿನಗಳ ಗಟ್ಟಿ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು ದೊಡ್ಡ ನಷ್ಟ, ಏಕೆಂದರೆ ಅದು ಕೂಸಿಗೆ ರೋಗವನ್ನು ತಡೆಯುವ ಶಕ್ತಿ ಕೊಡುತ್ತದೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಚ್ಚಬೇಕು. ಆಮೇಲೆ ಹಗಲು ರಾತ್ರಿ ಸೇರಿ 8ರಿಂದ 12 ಸಲ ಉಣಿಸಬೇಕು. ತೊಟ್ಟು ಮಾತ್ರವಲ್ಲದೆ ಅದರ ಸುತ್ತಲಿನ ಕಪ್ಪು ಭಾಗವೂ ಆದಷ್ಟು ಕೂಸಿನ ಬಾಯೊಳಗೆ ಹೋಗಬೇಕು. ತೊಟ್ಟು ಬಿರಿದು ನೋಯುವುದು ಹೆಚ್ಚಾಗಿ ಇದು ತಪ್ಪಿದಾಗಲೇ. ಎದೆ ಕಲ್ಲಿನಂತೆ ಬಿಗಿದಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಇಟ್ಟು, ಕೈಯಿಂದ ಕೊಂಚ ಹಾಲು ತೆಗೆದು, ಮೆತ್ತಗಾದ ಮೇಲೆ ಉಣಿಸಿರಿ. ಎದೆಯ ಒಂದು ಭಾಗ ಕೆಂಪಾಗಿ ಜ್ವರ ಬಂದರೆ ದವಾಖಾನೆಗೆ ಹೋಗಬೇಕು, ಆದರೆ ಹಾಲೂಡಿಸುವುದನ್ನು ನಿಲ್ಲಿಸಬೇಕಿಲ್ಲ.

ಹಾಲು ಸಾಲುತ್ತಿಲ್ಲವೆಂಬ ಮಾತನ್ನು ಪ್ರತಿಯೊಬ್ಬ ಬಾಣಂತಿಯೂ ಕೇಳಬೇಕಾಗುತ್ತದೆ. ಕೂಸಿನ ಅಳುವಿನಿಂದ ಅದನ್ನು ಅಳೆಯಬೇಡಿರಿ, ಒಣಹಾಕಿದ ಬಟ್ಟೆಗಳಿಂದ ಅಳೆಯಿರಿ. ಐದಾರು ದಿನ ಕಳೆದ ಮೇಲೆ ಕೂಸು ದಿನಕ್ಕೆ 6 ಸಲವಾದರೂ ಮೂತ್ರ ಮಾಡುತ್ತಿದ್ದು, ಮೊದಲಿನ ಕಪ್ಪು ಮಲ ಹಳದಿಗೆ ತಿರುಗಿದ್ದರೆ ಹಾಲು ಸಾಲುತ್ತಿದೆ. ಮೊದಲ ವಾರ ತೂಕ ತುಸು ಇಳಿದು, ಎರಡನೆಯ ವಾರದ ಕೊನೆಗೆ ಹುಟ್ಟಿದಾಗಿನಷ್ಟಕ್ಕೆ ಮರಳುವುದು ಸಹಜ. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುವಾಗ ಕೂಸಿಗೆ ಬಾಯಾರಿದೆಯೆಂದು ನೀರು ಹಾಕಲು ಹೋಗುತ್ತಾರೆ. ಎದೆಹಾಲಿನಲ್ಲಿ ಬಹುಪಾಲು ನೀರೇ ಇರುವುದರಿಂದ ಇನ್ನೊಂದು ಸಲ ಹಾಲೂಡಿಸಿದರೆ ಸಾಕು. ಆರು ತಿಂಗಳವರೆಗೆ ನೀರು, ಸಕ್ಕರೆ ನೀರು, ಮನೆಮದ್ದು ತೇದು ನೆಕ್ಕಿಸುವ ಗುಟ್ಟಿ ಯಾವುದೂ ಬೇಡ. ಜೇನುತುಪ್ಪವನ್ನಂತೂ ವರ್ಷ ತುಂಬುವವರೆಗೆ ನಾಲಿಗೆಗೆ ಹಚ್ಚಲೇಬಾರದು.

ಬಾಣಂತಿಯ ಕೋಣೆಯನ್ನು ಗಾಳಿ, ಬೆಳಕು ಬರದಂತೆ ಮುಚ್ಚುವುದರಲ್ಲಿ ಎರಡು ಅಪಾಯಗಳಿವೆ. ಕತ್ತಲಲ್ಲಿ ಕೂಸಿನ ಕಾಮಣಿ ಕಾಣುವುದಿಲ್ಲ. ದಿನಕ್ಕೊಮ್ಮೆ ಹಗಲಿನ ಬೆಳಕಿರುವ ಬಾಗಿಲ ಬಳಿ ಕೂಸನ್ನು ಒಯ್ದು, ಬೆರಳಿನಿಂದ ಚರ್ಮವನ್ನು ಮೆಲ್ಲಗೆ ಒತ್ತಿ ಬಿಟ್ಟು ಬಣ್ಣ ನೋಡಿರಿ. ಎರಡು ಮೂರನೆಯ ದಿನ ಮುಖ ತುಸು ಹಳದಿಯಾಗುವುದು ಬಹಳ ಕೂಸುಗಳಲ್ಲಿ ಕಾಣುತ್ತದೆ. ಆದರೆ ಮೊದಲ 24 ಗಂಟೆಯೊಳಗೇ ಹಳದಿಯಾದರೆ, ಇಲ್ಲವೇ ಅಂಗೈ ಅಂಗಾಲಿಗೂ ಇಳಿದರೆ, ಎಳೆಬಿಸಿಲಿಗೆ ಹಿಡಿಯುತ್ತ ಕೂಡದೆ ಅಂದೇ ವೈದ್ಯರಿಗೆ ತೋರಿಸಬೇಕು. ಇನ್ನೊಂದು ಅಪಾಯ ಹೊರಸಿನ ಕೆಳಗಿನ ಕೆಂಡದ್ದು. ಮುಚ್ಚಿದ ಕೋಣೆಯಲ್ಲಿ ಇದ್ದಿಲು, ಕುಳ್ಳು ಉರಿದಾಗ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಮಲಗಿದವರನ್ನು ಎಚ್ಚರಿಸದೆ ಕೊಲ್ಲಬಲ್ಲದು. ಕೂಸನ್ನು ಬೆಚ್ಚಗಿಡಲು ತಾಯಿಯ ಎದೆಗೆ ಚರ್ಮ ತಾಗುವಂತೆ ಮಲಗಿಸಿಕೊಂಡು ಮೇಲೆ ಮೆತ್ತನೆಯ ಹಳೆಯ ಸೀರೆ ಹೊದೆಯುವುದೇ ಎಲ್ಲಕ್ಕಿಂತ ಒಳ್ಳೆಯದು. ಹಾಗೆ ಎದೆಯ ಮೇಲೆ ಇಟ್ಟುಕೊಂಡಾಗ ತಾಯಿ ಎಚ್ಚರವಾಗಿರಬೇಕು. ಬೇಸಿಗೆಯಲ್ಲಿ ಕುಲಾವಿ ಮತ್ತು ಎರಡು ಕೌದಿಯ ಹೊರೆ ಬೇಡ. ನಿದ್ದೆಗೆ ಅಂಗಾತ ಮಲಗಿಸಿರಿ.

ಎರೆಯಲು ಬರುವ ಅಜ್ಜಿಯ ಕೈ ಹಗುರವಾಗಿದ್ದರೆ ಎಣ್ಣೆ ನೀವುವುದರಿಂದ ಕೂಸಿಗೆ ಹಿತವೇ. ಆದರೆ ಮೂಗು, ಕಿವಿಗೆ ಎಣ್ಣೆ ಬಿಡಬಾರದು, ಮೂಗು ಎತ್ತಿ ತಲೆ ಒತ್ತಿ ದುಂಡಗೆ ಮಾಡಬಾರದು, ಕಣ್ಣಿಗೆ ಕಾಡಿಗೆ ಹಚ್ಚಬಾರದು. ಹೊಕ್ಕುಳಬಳ್ಳಿ ಒಣಗಿ ಬೀಳುವವರೆಗೆ ಅದಕ್ಕೆ ಅರಿಶಿನ, ಬೂದಿ, ಎಣ್ಣೆ ಏನನ್ನೂ ಸೋಂಕಿಸದೆ ಒಣಗಿರುವಂತೆ ನೋಡಿಕೊಂಡರೆ ಸಾಕು. ಇದನ್ನು ನೀವೇ ಹೇಳಿದರೆ ಅಜ್ಜಿ ನೊಂದುಕೊಳ್ಳಬಹುದು. ಆಶಾ ಕಾರ್ಯಕರ್ತೆ ಬಂದಾಗ ಅವರೆದುರಿಗೇ ಕೇಳಿರಿ, ಉತ್ತರ ಇಬ್ಬರಿಗೂ ಒಟ್ಟಿಗೆ ತಲುಪುತ್ತದೆ.

ಊಟದ ವಿಷಯದಲ್ಲಿ ನಮ್ಮ ಹಿರಿಯರ ಕೈ ಉದಾರವಾದುದು. ಅಂಟಿನ ಉಂಡಿ, ಅಳವಿ ಪಾಯಸ, ಬಿಸಿ ರೊಟ್ಟಿ, ತುಪ್ಪ ಎಲ್ಲವೂ ಇರಲಿ. ಆದರೆ ನೀರು ಕುಡಿದರೆ ಹೊಟ್ಟೆ ಬರುತ್ತದೆ, ಕಾಯಿಪಲ್ಲೆ ತಿಂದರೆ ಕೂಸಿಗೆ ಶೀತವಾಗುತ್ತದೆ ಎಂಬ ಮಾತುಗಳನ್ನು ನಾನು ಒಪ್ಪುವುದಿಲ್ಲ; ನೀರು, ಪಲ್ಲೆ ತಪ್ಪಿದರೆ ಮಲಬದ್ಧತೆಯಾಗಿ ಹೊಲಿಗೆಯ ನೋವು ಹೆಚ್ಚುತ್ತದೆ. ಹಾಲೂಡಿಸಲು ಕೂಡುವಾಗಲೆಲ್ಲ ಪಕ್ಕದಲ್ಲಿ ಒಂದು ತಂಬಿಗೆ ನೀರಿರಲಿ. ಕಬ್ಬಿಣಾಂಶದ ಗುಳಿಗೆಗಳನ್ನು ಹೆರಿಗೆಯ ನಂತರವೂ 180 ದಿನ ನುಂಗಬೇಕು.

ಐದನೆಯ ದಿನದ ಅಳು ಸಾಮಾನ್ಯವಾಗಿ ಎರಡು ವಾರದೊಳಗೆ ತಾನಾಗಿಯೇ ಇಳಿಯುತ್ತದೆ. ಅದಕ್ಕೂ ಮೀರಿ ದುಃಖ ಮುಂದುವರಿದರೆ, ಕೂಸು ಮಲಗಿದಾಗಲೂ ನಿಮಗೆ ನಿದ್ದೆ ಬರದಿದ್ದರೆ, ಅದು ನಿಮ್ಮ ತಾಯ್ತನದ ಕೊರತೆಯಲ್ಲ, ಚಿಕಿತ್ಸೆಯಿರುವ ಕಾಯಿಲೆ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ನಿಮಗೋ ಕೂಸಿಗೋ ಕೇಡು ಮಾಡಿಬಿಡಬೇಕೆಂಬ ಯೋಚನೆ ಬಂದರೆ, ಯಾರೂ ಇಲ್ಲದ ದನಿಗಳು ಕೇಳಿಸಿದರೆ, ಎರಡು ವಾರ ಕಾಯದೆ ಅಂದೇ ಮನೆಯವರಿಗೆ ಹೇಳಿ ದವಾಖಾನೆಗೆ ಹೋಗಬೇಕು.

ದವಾಖಾನೆಯಲ್ಲಿ ಹೆರಿಗೆಯಾಗಿದ್ದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರಬೇಕು. ಗಂಡನ ಮನೆ ಬೇರೆ ಊರಿನಲ್ಲಿದ್ದರೆ ತವರಿನ ಊರಿನ ಆಶಾಗೆ ನೀವು ಬಂದಿರುವುದನ್ನು ಮೊದಲೇ ತಿಳಿಸಿರಿ. ಕೂಸು ಹಾಲು ಬಿಟ್ಟರೆ, ಜ್ವರದಿಂದ ಮೈ ಸುಡುತ್ತಿದ್ದರೆ ಅಥವಾ ತಣ್ಣಗಾದರೆ, ನಿಮಿಷಕ್ಕೆ 60 ಸಲ ಅಥವಾ ಹೆಚ್ಚು ಉಸಿರಾಡಿದರೆ, ನಿಮಗೆ ಒಂದು ಗಂಟೆಯಲ್ಲಿ ಒಂದು ಪ್ಯಾಡ್ ನೆನೆಯುವಷ್ಟು ರಕ್ತ ಹೋದರೆ ಆ ದಿನಗಳಿಗೆ ಕಾಯಬೇಡಿರಿ, 108ಕ್ಕೆ ಕರೆ ಮಾಡಿರಿ. ಆರು ವಾರ ತುಂಬಿದಾಗ ಕೂಸಿಗೆ ಲಸಿಕೆ ಹಾಕಿಸಲು ಹೇಗೂ ಹೋಗುತ್ತೀರಿ. ಅಂದು ತಾಯಿ ಕಾರ್ಡಿನೊಂದಿಗೆ ನಿಮ್ಮ ಹೊಲಿಗೆ, ರಕ್ತಸ್ರಾವ, ನಿದ್ದೆ, ಮುಂದಿನ ಬಸಿರಿನ ಅಂತರ ಇವುಗಳ ಪ್ರಶ್ನೆಗಳನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ.